ನರಸಂಬಂಧಿ ತೊಂದರೆಯಿರುವ ಮಕ್ಕಳ ನಿದ್ದೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮಿದುಳು ಮತ್ತು ನರಗಳ ತೊಂದರೆಯಿರುವ ಮಕ್ಕಳ ನಿದ್ದೆಯ ಬಗ್ಗೆ ಬಂದ ಪತ್ರಗಳನ್ನೇ ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮಕ್ಕಳ ಕಾಯಿಲೆಗಳು ಬೇರೆ ಬೇರೆಯಾಗಿದ್ದರೂ ಹೆಚ್ಚಿನ ಪತ್ರಗಳಲ್ಲಿ ಒಂದೇ ಮಾತು ಕಾಣಿಸಿತು: ‘ಇಂಥ ಮಕ್ಕಳ ನಿದ್ದೆಯೇ ಹೀಗೆ ಎಂದುಕೊಂಡು ಸುಮ್ಮನಿದ್ದೇವೆ.’ ಈ ಮಾತನ್ನು ನಾನು ಒಪ್ಪುವುದಿಲ್ಲ. 3ರಿಂದ 5 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಏಂಜಲ್‌ಮನ್ ಸಿಂಡ್ರೋಮ್‌ನಂಥ ಕೆಲವು ವಿರಳ ಕಾಯಿಲೆಗಳನ್ನು ಬಿಟ್ಟರೆ, ನರಸಂಬಂಧಿ ತೊಂದರೆಯಿರುವ ಮಕ್ಕಳಿಗೂ ಇದೇ ಅಳತೆ ಅನ್ವಯಿಸುತ್ತದೆ. ಅಷ್ಟು ನಿದ್ದೆ ಸಿಗುತ್ತಿಲ್ಲವೆಂದರೆ ಅದಕ್ಕೆ ಕಾರಣವಿರುತ್ತದೆ, ಅನೇಕ ಬಾರಿ ಒಂದಕ್ಕಿಂತ ಹೆಚ್ಚು ಕಾರಣಗಳಿರುತ್ತವೆ. ಮೂಲ ಕಾಯಿಲೆ ಪೂರ್ತಿ ವಾಸಿಯಾಗದಿದ್ದರೂ ಆ ಕಾರಣಗಳಲ್ಲಿ ಹಲವನ್ನು ಸರಿಪಡಿಸಲು ಸಾಧ್ಯವಿದೆ.

ಪ್ರಶ್ನೆ: ನನ್ನ ಆರು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಕೈಕಾಲುಗಳು ನಾಲ್ಕೂ ಬಿಗಿಯಾಗಿವೆ, ಮಾತು ಬಂದಿಲ್ಲ. ರಾತ್ರಿ ನಾಲ್ಕೈದು ಸಲ ಅಳುತ್ತ ಎಚ್ಚರಗೊಳ್ಳುತ್ತಾಳೆ. ಮಗ್ಗುಲು ಬದಲಿಸಿದರೆ ಕೆಲವೊಮ್ಮೆ ಸುಮ್ಮನಾಗುತ್ತಾಳೆ, ಕೆಲವೊಮ್ಮೆ ಇಲ್ಲ. ನಿದ್ದೆಗೆ ಏನಾದರೂ ಔಷಧಿ ಕೊಡಬಹುದೇ?

ಉತ್ತರ: ಉತ್ತರದ ಒಂದು ಭಾಗ ನಿಮ್ಮ ಪತ್ರದಲ್ಲಿಯೇ ಇದೆ. ನಾವೆಲ್ಲರೂ ನಿದ್ದೆಯಲ್ಲಿ ಹತ್ತಾರು ಸಲ ಹೊರಳುತ್ತೇವೆ, ಹೊರಳಿದ್ದು ನಮಗೆ ಗೊತ್ತೂ ಆಗುವುದಿಲ್ಲ. ತಾನಾಗಿ ಹೊರಳಲಾರದ ಮಗುವಿಗೆ ಒಂದೇ ಭಂಗಿಯಲ್ಲಿ ಭಾರ ಬಿದ್ದ ಜಾಗ ನೋಯತೊಡಗಿದಾಗ ಅಳುವುದೊಂದೇ ದಾರಿ. ಮಗ್ಗುಲು ಬದಲಿಸಿದಾಗ ಅಳು ನಿಂತರೆ ಅದು ಭಂಗಿಯ ನೋವು. ನಿಲ್ಲದ ರಾತ್ರಿಗಳಲ್ಲಿ ಬೇರೆ ಕಾರಣವನ್ನು ಹುಡುಕಬೇಕು.

ಮೊದಲು ನೋಡಬೇಕಾದದ್ದು ಸೊಂಟದ ಕೀಲು. ಸ್ನಾಯುಗಳ ಬಿಗಿತದಿಂದ ತೊಡೆಮೂಳೆಯ ತಲೆ ನಿಧಾನವಾಗಿ ತನ್ನ ಗುಣಿಯಿಂದ ಹೊರಕ್ಕೆ ಜರುಗುವುದು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆಗುತ್ತದೆ, ನಡೆಯಲಾರದ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಬಟ್ಟೆ ಬದಲಿಸಲು ತೊಡೆಗಳನ್ನು ಅಗಲಿಸಿದಾಗ ಅವಳು ಮುಖ ಹಿಂಡುತ್ತಾಳೆಯೇ ಎಂಬುದನ್ನು ಗಮನಿಸಿ. ಇತ್ತೀಚೆಗೆ ಸೊಂಟದ ಎಕ್ಸ್‌ರೇ ಆಗಿಲ್ಲದಿದ್ದರೆ ನಿದ್ದೆಯ ಮಾತನ್ನು ಪಕ್ಕಕ್ಕಿಟ್ಟರೂ ಅದನ್ನು ಮಾಡಿಸಲೇಬೇಕು. ಎರಡನೆಯದು ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೇರುವುದು. ಮಲಗಿಸಿದ ಸ್ವಲ್ಪ ಹೊತ್ತಿಗೇ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಅಳುವುದು, ರಾತ್ರಿಯ ಒದ್ದೆ ಕೆಮ್ಮು, ಊಟ ಬೇಡವೆನ್ನುವುದು ಇದರ ಗುರುತುಗಳು. ಮೂರನೆಯದು ಮಲಬದ್ಧತೆ. ಇದು ಇಂಥ ಮಕ್ಕಳಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ಸಾಮಾನ್ಯವಾಗಿ ನಮ್ಮಂಥ ವೈದ್ಯರು ಕೇಳುವುದನ್ನು ಮರೆಯುವ ವಿಷಯ. ಹಲ್ಲಿನ ಹುಳುಕು, ಕಿವಿನೋವು, ರಾತ್ರಿಯ ಸ್ನಾಯು ಸೆಳೆತ, ನಿದ್ದೆಯಲ್ಲಿಯೇ ಬರುವ ಸಣ್ಣ ಫಿಟ್ಸ್, ಟಾನ್ಸಿಲ್ ಊದಿ ಉಸಿರು ಕಟ್ಟುವುದು ಇವನ್ನೂ ಒಂದೊಂದಾಗಿ ತೆಗೆದುಹಾಕಬೇಕು. ದೃಷ್ಟಿ ತೀರಾ ಮಂದವಾಗಿರುವ ಮಕ್ಕಳಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹಗಲು ರಾತ್ರಿಗಳ ಬೆಳಕಿನ ಸುಳಿವು ಕಣ್ಣಿನಿಂದ ಮಿದುಳಿನ ಒಳಗಡಿಯಾರಕ್ಕೆ ಸರಿಯಾಗಿ ತಲುಪದಿದ್ದರೆ ಆ ಗಡಿಯಾರ ತನ್ನದೇ ಲೆಕ್ಕದಲ್ಲಿ ಓಡತೊಡಗುತ್ತದೆ.

ರಾತ್ರಿ ಕಾಲಿಗೆ ಕಟ್ಟುವ ಸ್ಪ್ಲಿಂಟ್‌ಗಳಿಂದ ಅವಳು ಏಳುತ್ತಿದ್ದಾಳೆ ಎಂದು ನಿಮಗೆ ಅನಿಸಿದರೆ ಅದನ್ನು ಫಿಸಿಯೋಥೆರಪಿಸ್ಟ್‌ಗೆ ಸಂಕೋಚವಿಲ್ಲದೆ ಹೇಳಿ. ಹಗಲಿನ ಕೆಲವು ಗಂಟೆಗಳಿಗೆ ಅದನ್ನು ಬದಲಾಯಿಸಲು ಸಾಧ್ಯವಾಗಬಹುದು. ಸೊಂಟ ಜರುಗದಂತೆ ಮಗುವನ್ನು ರಾತ್ರಿಯಿಡೀ ಒಂದೇ ಭಂಗಿಯಲ್ಲಿ ಹಿಡಿದಿಡುವ ಮಲಗುವ ಸಲಕರಣೆಗಳೂ ಇವೆ. ಅವುಗಳ ಉಪಯೋಗವನ್ನು ಖಚಿತವಾಗಿ ತೋರಿಸುವಂಥ ಪ್ರಯೋಗಗಳು ಸಿಗಲಿಲ್ಲವೆಂದು, ಲಭ್ಯವಿರುವ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳಿದೆ. ಆದ್ದರಿಂದ ನಿದ್ದೆಯನ್ನೇ ಬಲಿಕೊಟ್ಟು ಅವನ್ನು ಬಳಸಬೇಕೆಂದು ನಾನು ಹೇಳಲಾರೆ. ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಡುತ್ತಿದ್ದರೆ ಅದರ ಸಂಜೆಯ ಪ್ರಮಾಣವನ್ನು ಮಲಗುವ ಹೊತ್ತಿಗೆ ಹೊಂದಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಆದರೆ ಅದನ್ನು ಎಂದಿಗೂ ಏಕಾಏಕಿ ನಿಲ್ಲಿಸಬೇಡಿ. ಇನ್ನು ನಿದ್ದೆ ಔಷಧಿಯ ಬಗ್ಗೆ: ಮಂಪರು ತರಿಸುವ ಹಲವು ಔಷಧಿಗಳು ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತವೆ, ಕೆಲವು ಜೊಲ್ಲನ್ನೂ ಹೆಚ್ಚಿಸುತ್ತವೆ. ಜೊಲ್ಲು ನುಂಗುವುದೇ ಕಷ್ಟವಾಗಿರುವ ಮಗುವಿಗೆ ಇದು ಅಪಾಯ. ಅದಕ್ಕಿಂತಲೂ ಮುಖ್ಯವಾಗಿ, ನೋವಿರುವ ಮಗುವಿಗೆ ಮಂಪರು ಕೊಟ್ಟರೆ ನೋವು ಹೋಗುವುದಿಲ್ಲ, ಅದನ್ನು ಹೇಳಿಕೊಳ್ಳಲು ಅವಳಿಗಿದ್ದ ಒಂದೇ ದಾರಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಹಿಂದೆ ಎರಡು ಸಲ ಫಿಟ್ಸ್ ಬಂದು ಔಷಧಿ ನಡೆಯುತ್ತಿದೆ. ಈಗ ಕೆಲವು ರಾತ್ರಿ ಥಟ್ಟನೆ ಎದ್ದು ಕೂತು ಕಿರುಚುತ್ತಾನೆ, ಕರೆದರೆ ಓಗೊಡುವುದಿಲ್ಲ. ಅಜ್ಜಿ ಕೆಟ್ಟ ಕನಸು ಎನ್ನುತ್ತಾರೆ, ನನಗೆ ಫಿಟ್ಸ್ ಇರಬಹುದೆಂಬ ಭಯ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ನಾರ್ಮಲ್ ಬಂದಿದೆ.

ಉತ್ತರ: ಇದು ಕೆಟ್ಟ ಕನಸಾಗಿರಲಾರದು. ಕೆಟ್ಟ ಕನಸು ಕಂಡ ಮಗು ಪೂರ್ತಿ ಎಚ್ಚರಗೊಂಡು, ಅಪ್ಪ ಅಮ್ಮನನ್ನು ಗುರುತಿಸಿ, ಅಪ್ಪಿಕೊಂಡು, ಏನು ಕಂಡಿತೆಂದು ಹೇಳುತ್ತದೆ. ಅದು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಬರುತ್ತದೆ. ನೀವು ಬರೆದಿರುವುದನ್ನು ನೋಡಿದರೆ ಉಳಿಯುವುದು ಎರಡು ಸಾಧ್ಯತೆಗಳು: ವೈದ್ಯರು ‘ನೈಟ್ ಟೆರರ್’ ಎನ್ನುವ ನಿದ್ದೆಯ ಭೀತಿ, ಅಥವಾ ನಿದ್ದೆಯಲ್ಲಿ ಬರುವ ಫಿಟ್ಸ್.

ನಿದ್ದೆಯ ಭೀತಿ ಗಾಢನಿದ್ದೆಯಿಂದ ಅರ್ಧ ಎಚ್ಚರಗೊಂಡ ಸ್ಥಿತಿ. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ, ಸಾಮಾನ್ಯವಾಗಿ ರಾತ್ರಿಗೆ ಒಂದೇ ಸಲ ಬರುತ್ತದೆ, ಹಲವು ನಿಮಿಷ ನಡೆಯುತ್ತದೆ. ಮಗು ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಸಮಾಧಾನಪಡಿಸಲು ಹೋದರೆ ಇನ್ನಷ್ಟು ಕೊಸರಾಡುತ್ತದೆ, ಬೆಳಿಗ್ಗೆ ಕೇಳಿದರೆ ಏನೂ ನೆನಪಿರುವುದಿಲ್ಲ. ಒಂದು ಸಲದ ಚಲನೆ ಇನ್ನೊಂದು ಸಲದಂತಿರುವುದಿಲ್ಲ. ಫಿಟ್ಸ್‌ನ ಲಕ್ಷಣ ಇದಕ್ಕೆ ವಿರುದ್ಧ: ಥಟ್ಟನೆ ಶುರುವಾಗಿ ಹೆಚ್ಚಾಗಿ ಎರಡು ನಿಮಿಷದೊಳಗೆ ಥಟ್ಟನೆ ನಿಲ್ಲುತ್ತದೆ, ರಾತ್ರಿಯ ಯಾವ ಹೊತ್ತಿನಲ್ಲಾದರೂ ಬರಬಹುದು, ಒಂದೇ ರಾತ್ರಿ ಹಲವು ಸಲ ಬರಬಹುದು, ಮತ್ತು ಪ್ರತಿ ಸಲವೂ ಅದೇ ಕೈ, ಅದೇ ಕಾಲು, ಅದೇ ಸದ್ದು. ಮಿದುಳಿನ ಮುಂಭಾಗದಿಂದ ಹುಟ್ಟುವ ಫಿಟ್ಸ್‌ನಲ್ಲಿ ಮಗು ಸೈಕಲ್ ತುಳಿದಂತೆ ಕಾಲಾಡಿಸುವುದು, ಕಿರುಚುವುದು, ಎದ್ದು ಕೂರುವುದು ಎಲ್ಲವೂ ಉಂಟು. ಅದನ್ನು ನೋಡಿ ಮೊಂಡಾಟವೆಂದು ಬೈದ ಮನೆಗಳೂ ಇವೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಇನ್ನೊಂದು ಬಗೆಯೂ ಸಾಮಾನ್ಯ. ನಿದ್ದೆ ಹತ್ತಿದ ಮೇಲೆ ಅಥವಾ ಏಳುವ ಹೊತ್ತಿಗೆ ಮುಖದ ಒಂದು ಬದಿ ಸೆಳೆದು, ಜೊಲ್ಲು ಸುರಿದು, ಗಂಟಲಲ್ಲಿ ಗೊರಗೊರ ಸದ್ದಾಗಿ, ಎಚ್ಚರವಿದ್ದರೂ ಮಾತು ಹೊರಡುವುದಿಲ್ಲ. ರೋಲಾಂಡಿಕ್ ಎಂದು ಕರೆಯುವ ಈ ಅಪಸ್ಮಾರ ಹೆಚ್ಚಿನ ಮಕ್ಕಳಲ್ಲಿ ಹದಿಹರೆಯ ಮುಗಿಯುವಷ್ಟರಲ್ಲಿ ತಾನೇ ಇಲ್ಲವಾಗುತ್ತದೆ.

ಹಗಲಿನಲ್ಲಿ ಎಚ್ಚರವಿದ್ದಾಗ ಅರ್ಧ ಗಂಟೆ ತೆಗೆದ ಇಇಜಿ ನಾರ್ಮಲ್ ಬಂದರೆ ರಾತ್ರಿಯ ಫಿಟ್ಸ್ ಇಲ್ಲವೆಂದು ಹೇಳಲು ಬರುವುದಿಲ್ಲ. ನಿದ್ದೆಯನ್ನೂ ಒಳಗೊಂಡ ಇಇಜಿ ಬೇಕು, ಸಾಧ್ಯವಿದ್ದರೆ ವಿಡಿಯೋ ಸಮೇತ ರಾತ್ರಿಯಿಡೀ. ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನ್ ನನಗೆ ಬಹಳ ನೆರವಾಗುತ್ತದೆ. ದೀಪ ಹಾಕಿ, ಹೊದಿಕೆ ಸರಿಸಿ, ಇಡೀ ದೇಹ ಕಾಣುವಂತೆ ಹಿಡಿಯಿರಿ. ಘಟನೆ ನಿಂತ ಮೇಲೂ ಮಗು ಹೇಗಿದೆ, ಹೆಸರು ಹಿಡಿದು ಕರೆದರೆ ಏನು ಮಾಡುತ್ತದೆ ಎಂಬುದು ದಾಖಲಾಗುವವರೆಗೆ ನಿಲ್ಲಿಸಬೇಡಿ. ಎರಡು ಮೂರು ಬೇರೆ ಬೇರೆ ರಾತ್ರಿಯ ದೃಶ್ಯಗಳಿದ್ದರೆ ಅವನ್ನು ಹೋಲಿಸಿ ನೋಡಬಹುದು. ಫಿಟ್ಸ್ ಎಂದು ಕಂಡರೆ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ಎಚ್ಚರಿಕೆ: ರಾತ್ರಿಯ ಘಟನೆಗಳೊಂದಿಗೆ ಮಗು ಕಲಿತ ಮಾತುಗಳನ್ನು ಕಳೆದುಕೊಳ್ಳುತ್ತಿದೆ, ಓದಿನಲ್ಲಿ ಬೇಗಬೇಗನೆ ಹಿಂದೆ ಬೀಳುತ್ತಿದೆ ಎನಿಸಿದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬೇಡಿ. ನಿದ್ದೆಯಲ್ಲಿ ಮಿದುಳಿನ ವಿದ್ಯುತ್ ಏರುಪೇರು ಬಿಡದೆ ನಡೆಯುವ ಕೆಲವು ಅಪಸ್ಮಾರಗಳಲ್ಲಿ ಹೀಗಾಗುತ್ತದೆ. ಅದು ನಿದ್ದೆಯ ಇಇಜಿಯಲ್ಲಿ ಮಾತ್ರ ಗೊತ್ತಾಗುತ್ತದೆ, ತಡವಾದಷ್ಟೂ ನಷ್ಟ ಹೆಚ್ಚು.

ಪ್ರಶ್ನೆ: ಐದು ವರ್ಷದ ಮಗನಿಗೆ ಆಟಿಸಂ ಇದೆ. ರಾತ್ರಿ ಒಂಬತ್ತಕ್ಕೆ ಮಲಗಿಸಿದರೂ ನಡುರಾತ್ರಿ ಕಳೆದು ಒಂದು ಗಂಟೆಯಾಗುವವರೆಗೆ ನಿದ್ದೆ ಬರುವುದಿಲ್ಲ, ಹಾಸಿಗೆಯಲ್ಲೇ ಜಿಗಿಯುತ್ತಾನೆ. ಮೆಲಟೋನಿನ್ ಕೊಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬಹುದಾದ ಮಕ್ಕಳಿದ್ದಾರೆ. ಆದರೆ ಅದು ಎರಡನೆಯ ಹೆಜ್ಜೆ, ಮೊದಲನೆಯದಲ್ಲ.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಮೆಲಟೋನಿನ್, ರಾತ್ರಿಯಾಯಿತೆಂದು ದೇಹಕ್ಕೆ ಸಾರುವ ರಾಸಾಯನಿಕ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ದೆಯ ತೊಂದರೆಯಿದೆ, ಅವರಲ್ಲಿ ಕೆಲವರಿಗೆ ಈ ಸ್ರಾವ ಕಡಿಮೆ ಅಥವಾ ತಡ. ನಿಮ್ಮ ಮಗನಿಗೆ ದೇಹದ ರಾತ್ರಿ ಒಂದು ಗಂಟೆಗೆ ಶುರುವಾಗುತ್ತಿದ್ದರೆ, ಒಂಬತ್ತರಿಂದ ಒಂದರವರೆಗಿನ ನಾಲ್ಕು ಗಂಟೆಗಳಲ್ಲಿ ಹಾಸಿಗೆಯೆಂದರೆ ಜಿಗಿಯುವ ಜಾಗ, ಗದರಿಸಿಕೊಳ್ಳುವ ಜಾಗ ಎಂದು ಅವನು ಪ್ರತಿ ರಾತ್ರಿ ಕಲಿಯುತ್ತಿದ್ದಾನೆ. ಆದ್ದರಿಂದ ಕೆಲವು ದಿನ ಅವನನ್ನು ನಿಜವಾಗಿಯೂ ನಿದ್ದೆ ಹತ್ತುವ ಹೊತ್ತಿಗೇ, ಎಂದರೆ ಹನ್ನೆರಡೂಮುಕ್ಕಾಲರ ಸುಮಾರಿಗೆ, ಹಾಸಿಗೆಗೆ ಕರೆದೊಯ್ಯಿರಿ. ಬೇಗ ನಿದ್ದೆ ಹೋಗುವುದು ರೂಢಿಯಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಬೆಳಿಗ್ಗೆ ಎಬ್ಬಿಸುವ ಹೊತ್ತು ಮಾತ್ರ, ರಜೆಯ ದಿನವೂ ಸೇರಿ, ಬದಲಾಗಬಾರದು. ತಡವಾಗಿ ಮಲಗಿದ ಮಗುವನ್ನು ಬೇಗ ಎಬ್ಬಿಸುವುದು ತಂದೆತಾಯಿಗೆ ಬಹಳ ಕಷ್ಟವೆಂದು ನನಗೆ ಗೊತ್ತು, ಆದರೂ ಈ ವಿಧಾನ ನಿಂತಿರುವುದೇ ಅದರ ಮೇಲೆ. ಫಿಟ್ಸ್ ಇರುವ ಮಗುವಿನಲ್ಲಿ ಮಾತ್ರ ನಿದ್ದೆಗೆಡಿಸುವ ಈ ಕ್ರಮವನ್ನು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಮಲಗುವ ಮುನ್ನ ಮಾಡುವ ಕೆಲಸಗಳನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸುವುದು ಮಾತಿಗಿಂತ ಚಿತ್ರ ಬೇಗ ಅರ್ಥವಾಗುವ ಮಕ್ಕಳಿಗೆ ತುಂಬ ನೆರವಾಗುತ್ತದೆ. ಮಲಗುವ ಒಂದು ಗಂಟೆ ಮೊದಲೇ ಟಿವಿ, ಮೊಬೈಲ್ ದೂರವಿರಲಿ. ಅಂಗಿಯ ಹೊಲಿಗೆ ಚುಚ್ಚುವುದು, ಬಾಗಿಲಿನಡಿಯಿಂದ ಬರುವ ಬೆಳಕು, ಫ್ಯಾನಿನ ಸದ್ದು ನಮಗೆ ತಿಳಿಯದಷ್ಟು ಸಣ್ಣದಾಗಿರಬಹುದು, ಅವನಿಗೆ ಅದು ಸಹಿಸಲಾಗದಷ್ಟು ದೊಡ್ಡದಾಗಿರಬಹುದು. ಭಾರದ ಹೊದಿಕೆಗಳ ಬಗ್ಗೆ ಅನೇಕರು ಕೇಳುತ್ತಾರೆ. ಆಟಿಸಂ ಇರುವ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದರಿಂದ ನಿದ್ದೆಯ ಅವಧಿ ಹೆಚ್ಚಲಿಲ್ಲ, ಆದರೆ ಮಕ್ಕಳಿಗೂ ತಂದೆತಾಯಿಗೂ ಅದು ಇಷ್ಟವಾಯಿತು. ತಾನಾಗಿ ಸರಿಸಿಹಾಕಲಾರದ ಮಗುವಿಗೆ ಅದನ್ನು ಹೊದಿಸಲೇಬಾರದು.

ಇಷ್ಟರಿಂದಲೂ ಸಾಲದಾದರೆ ಮೆಲಟೋನಿನ್. ಅದರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಬ್ರಿಟನ್ನಿನಲ್ಲಿ ಬೆಳವಣಿಗೆಯ ತೊಂದರೆಯಿರುವ 146 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಒಳ್ಳೆಯ ಅಂದಾಜು ಕೊಡುತ್ತದೆ. ಪೋಷಕರ ದಿನಚರಿಯ ಪ್ರಕಾರ ಮಕ್ಕಳು ಸುಮಾರು 38 ನಿಮಿಷ ಬೇಗ ನಿದ್ದೆ ಹೋದರು, ಆದರೆ ಬೆಳಿಗ್ಗೆ ಬೇಗ ಎದ್ದದ್ದರಿಂದ ಒಟ್ಟು ನಿದ್ದೆ ಹೆಚ್ಚಿದ್ದು ಸುಮಾರು 22 ನಿಮಿಷ ಮಾತ್ರ. ಎಂದರೆ ನಿದ್ದೆ ಹತ್ತದ ಮಗುವಿಗೆ ಅದು ನೆರವಾಗುತ್ತದೆ, ನಡುರಾತ್ರಿ ಏಳುವ ಮಗುವಿಗೆ ಅಷ್ಟಾಗಿ ಅಲ್ಲ. ಅಮೆರಿಕದ ನರವಿಜ್ಞಾನ ಅಕಾಡೆಮಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಮೊದಲು ಅಭ್ಯಾಸಗಳನ್ನು ತಿದ್ದಿ, ಆಮೇಲೆ 1ರಿಂದ 3 ಮಿಲಿಗ್ರಾಂನಿಂದ, ಮಲಗುವ ಅರ್ಧದಿಂದ ಒಂದು ಗಂಟೆ ಮುಂಚೆ ಶುರುಮಾಡಬೇಕೆಂದು ಹೇಳುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆಯನ್ನು ನಂಬಬೇಡಿ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದರಲ್ಲಿ ಲೇಬಲ್ಲಿಗಿಂತ ಶೇ. 83ರಷ್ಟು ಕಡಿಮೆ, ಇನ್ನೊಂದರಲ್ಲಿ ಶೇ. 478ರಷ್ಟು ಹೆಚ್ಚು ಔಷಧಿ ಇತ್ತು. ವೈದ್ಯರು ಬರೆದುಕೊಟ್ಟ, ಔಷಧಿಯ ಗುಣಮಟ್ಟದಲ್ಲಿ ತಯಾರಾದದ್ದನ್ನೇ ಕೊಡಿ.

ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಎಚ್ಚರವಿರುವ ಮಗುವಿನ ಬಗ್ಗೆ ಇನ್ನೊಬ್ಬ ತಾಯಿ ಬರೆದಿದ್ದಾರೆ. ಅಂಥ ಮಕ್ಕಳಲ್ಲಿ ಸ್ಮಿತ್-ಮಜೆನಿಸ್ ಎಂಬ ಅಪರೂಪದ ವಂಶವಾಹಿ ಕಾಯಿಲೆಯನ್ನು ನೆನೆಯಬೇಕು. ಅದರಲ್ಲಿ ಮೆಲಟೋನಿನ್ ರಾತ್ರಿಗೆ ಬದಲು ಹಗಲಲ್ಲಿ ಹೆಚ್ಚಾಗಿ ಸ್ರವಿಸುತ್ತದೆ. ಆ ತಾಯಿ ತಮ್ಮ ವೈದ್ಯರೊಂದಿಗೆ ವಂಶವಾಹಿ ಪರೀಕ್ಷೆಯ ಬಗ್ಗೆ ಮಾತನಾಡಲಿ.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಡೌನ್ ಸಿಂಡ್ರೋಮ್. ಸ್ವಲ್ಪ ಗೊರಕೆ ಇದೆ, ಕೂತು ಮುಂದಕ್ಕೆ ಬಾಗಿ ಮಲಗುತ್ತಾಳೆ. ಮನೆಯಲ್ಲಿ ಎಲ್ಲರೂ ಅದನ್ನು ಮುದ್ದಾದ ಅಭ್ಯಾಸವೆನ್ನುತ್ತಾರೆ. ತೋರಿಸಬೇಕೇ?

ಉತ್ತರ: ಖಂಡಿತ ತೋರಿಸಬೇಕು, ಅದೂ ಬೇಗ. ಬಾಗಿ ಮಲಗುವುದು ಅವಳೇ ಕಂಡುಕೊಂಡ ಉಪಾಯವಿರಬಹುದು. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರುದಾರಿ ಮುಚ್ಚುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮುಖದ ನಡುಭಾಗ ಚಿಕ್ಕದು, ಸ್ನಾಯುಗಳು ಸಡಿಲ, ಆ ಇಕ್ಕಟ್ಟಿನಲ್ಲಿ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದ ಅಡಿನಾಯ್ಡ್ ಸ್ವಲ್ಪ ಊದಿದರೂ ಸಾಕು. ಇವರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಕ್ಕಳಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದೆ. ಪೋಷಕರು ‘ಚೆನ್ನಾಗಿ ಮಲಗುತ್ತಾಳೆ’ ಎನ್ನುವ ಮಕ್ಕಳಲ್ಲೂ ಇದು ಕಂಡುಬಂದಿರುವುದರಿಂದ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಯಾವ ಲಕ್ಷಣವಿಲ್ಲದಿದ್ದರೂ 3ರಿಂದ 4 ವರ್ಷದೊಳಗೆ ಎಲ್ಲರಿಗೂ ಸ್ಲೀಪ್ ಸ್ಟಡಿ ಮಾಡಿಸಬೇಕೆಂದು ಸಲಹೆ ಕೊಟ್ಟಿದೆ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ಮಿದುಳಿನ ಅಲೆ, ಉಸಿರು, ಆಮ್ಲಜನಕ, ಎದೆಬಡಿತಗಳನ್ನು ಒಟ್ಟಿಗೆ ದಾಖಲಿಸುವ ನೋವಿಲ್ಲದ ಪರೀಕ್ಷೆ ಇದು. ಟಾನ್ಸಿಲ್ ತೆಗೆದ ಮೇಲೂ ಅನೇಕರಲ್ಲಿ ತೊಂದರೆ ಸ್ವಲ್ಪ ಉಳಿದಿರುತ್ತದೆ, ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರ ಮತ್ತೊಮ್ಮೆ ಪರೀಕ್ಷಿಸಲು ಕೇಳಿ.

ಪ್ರಶ್ನೆ: ಮೊಮ್ಮಗ ರಾತ್ರಿ ಮಲಗಲಿ ಎಂದು ನೆಗಡಿಯ ಸಿರಪ್ ಕೊಡುತ್ತಿದ್ದೇವೆ. ಅವನಿಗೆ ಫಿಟ್ಸ್ ಇದೆ. ತಪ್ಪೇ?

ಉತ್ತರ: ದಯವಿಟ್ಟು ನಿಲ್ಲಿಸಿ. ಮಂಪರು ತರುವ ನೆಗಡಿ ಔಷಧಿಗಳು ಕೆಲವು ಮಕ್ಕಳಲ್ಲಿ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸಬಲ್ಲವು, ಇನ್ನು ಕೆಲವರಲ್ಲಿ ನಿದ್ದೆಗೆ ಬದಲು ಚಡಪಡಿಕೆಯನ್ನೇ ತರುತ್ತವೆ. ಇಷ್ಟು ದಿನ ಕೊಟ್ಟಿದ್ದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಹದಿಮೂರರ ಮಗನಿಗೆ ಡುಷೆನ್ ಸ್ನಾಯುಕ್ಷಯ. ಗಾಲಿಕುರ್ಚಿ ಬಳಸುತ್ತಾನೆ. ಈಚೆಗೆ ಬೆಳಿಗ್ಗೆ ತಲೆನೋವು ಎನ್ನುತ್ತಾನೆ, ತಿಂಡಿ ಸೇರುವುದಿಲ್ಲ, ತರಗತಿಯಲ್ಲಿ ತೂಕಡಿಸುತ್ತಾನೆ. ಓದಿನ ಒತ್ತಡವೇ?

ಉತ್ತರ: ಈ ಮೂರೂ ಒಟ್ಟಿಗೆ ಕಂಡಾಗ ನಾನು ಮೊದಲು ಅನುಮಾನಿಸುವುದು ಉಸಿರಾಟವನ್ನು. ಕನಸಿನ ನಿದ್ದೆಯಲ್ಲಿ ಉಳಿದ ಸ್ನಾಯುಗಳು ಸಡಿಲಗೊಂಡು ಉಸಿರಾಟದ ಹೊರೆಯೆಲ್ಲ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯ ಮೇಲೆ ಬೀಳುತ್ತದೆ. ವಪೆಯೇ ದುರ್ಬಲವಾಗಿದ್ದರೆ ಉಸಿರು ಮೇಲುಮೇಲಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ, ಬೆಳಗಿನ ತಲೆನೋವು ಅದರಿಂದಲೇ. ಹಗಲಿನಲ್ಲಿ ಅವನು ಸುಲಭವಾಗಿ ಉಸಿರಾಡುತ್ತಿದ್ದಾನೆ ಎಂಬುದರಿಂದ ಸಮಾಧಾನಪಡಬೇಡಿ, ತೊಂದರೆ ರಾತ್ರಿಯೇ ಶುರುವಾಗುತ್ತದೆ. ಇಂಗಾಲದ ಡೈಆಕ್ಸೈಡ್ ಅನ್ನೂ ಅಳೆಯುವ ಸ್ಲೀಪ್ ಸ್ಟಡಿ ಈ ವಾರದಲ್ಲೇ ಆಗುವಂತೆ ಕೇಳಿ. ಮೂಗಿನ ಮೇಲೆ ಮಾಸ್ಕ್ ಇಟ್ಟು ಉಸಿರನ್ನು ಒತ್ತಿಕೊಡುವ ಬೈಪ್ಯಾಪ್ ಯಂತ್ರವನ್ನು ರಾತ್ರಿ ಬಳಸತೊಡಗಿದ ಮೇಲೆ ಇಂಥ ಹುಡುಗರ ಹಗಲುಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಕಂಡಿದ್ದೇನೆ, ಅದನ್ನು ಕೊನೆಯ ಉಪಾಯವೆಂದು ಹೆದರಬೇಡಿ. ಬೈಪ್ಯಾಪ್ ಇಲ್ಲದೆ ಬರೀ ಆಮ್ಲಜನಕ ಹಚ್ಚಿ ಮಲಗಿಸುವುದು ಅಪಾಯಕಾರಿ, ಏಕೆಂದರೆ ಆಮ್ಲಜನಕದ ಅಂಕಿ ಸರಿಯಾಗಿ ಕಾಣುತ್ತಿರುವಾಗಲೇ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ.

ಪ್ರಶ್ನೆ: ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆ) ಇರುವ ಮಗಳು ರಾತ್ರಿ ಕಾಲು ಉಜ್ಜಿಕೊಳ್ಳುತ್ತ, ‘ಒಳಗೆ ಇರುವೆ ಹರಿಯುತ್ತಿದೆ’ ಎನ್ನುತ್ತಾಳೆ. ಮಲಗದಿರಲು ನೆಪವೇ?

ಉತ್ತರ: ನೆಪವಲ್ಲ. ಕಾಲುಗಳ ಚಡಪಡಿಕೆಯ ಈ ತೊಂದರೆಯನ್ನು ಮಕ್ಕಳು ಹೇಳುವುದು ಹೆಚ್ಚುಕಡಿಮೆ ಹೀಗೆಯೇ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ರಕ್ತದ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಕೆಲವು ತಿಂಗಳು ಕಬ್ಬಿಣದ ಔಷಧಿ ಕೊಟ್ಟಾಗ ಅನೇಕ ಮಕ್ಕಳಲ್ಲಿ ಇದು ಕಡಿಮೆಯಾಗುತ್ತದೆ. ಗಮನಕ್ಕೆಂದು ಕೊಡುವ ಔಷಧಿಯನ್ನು ಮಧ್ಯಾಹ್ನದ ನಂತರ ಕೊಡುತ್ತಿದ್ದರೆ ಅದೂ ನಿದ್ದೆ ತಡೆಯಬಹುದು, ಹೊತ್ತು ಬದಲಿಸುವ ಬಗ್ಗೆ ಕೇಳಿ.

ಪ್ರಶ್ನೆ: ಮಗನ ಫಿಟ್ಸ್‌ನ ಭಯದಿಂದ ವರ್ಷಗಳಿಂದ ರಾತ್ರಿ ಸರಿಯಾಗಿ ಮಲಗಿಲ್ಲ. ಡಾಕ್ಟರರ ಬಳಿ ಅವನ ವಿಷಯ ಹೇಳುವುದಕ್ಕೇ ಸಮಯ ಸಾಲದು. ನನ್ನ ನಿದ್ದೆಯ ಮಾತೆತ್ತಬಹುದೇ?

ಉತ್ತರ: ಎತ್ತಲೇಬೇಕು, ಮತ್ತು ಭೇಟಿಯ ಕೊನೆಯಲ್ಲಲ್ಲ, ಮೊದಲಲ್ಲೇ. ನೀವು ಮಲಗುತ್ತಿಲ್ಲ ಎಂಬುದು ಗೊತ್ತಾದರೆ ಚಿಕಿತ್ಸೆಯ ನಿರ್ಧಾರವೇ ಬದಲಾಗಬಹುದು: ಔಷಧಿಯ ಹೊತ್ತನ್ನು ಬದಲಿಸುವುದು, ರಾತ್ರಿಯ ಫಿಟ್ಸ್ ಹತೋಟಿಗೆ ಬಂದಿಲ್ಲವೆಂದು ಹೊಸ ಔಷಧಿ ಸೇರಿಸುವುದು, ಚಲನೆಯನ್ನು ಗುರುತಿಸಿ ಎಚ್ಚರಿಸುವ ಸಾಧನ ನಿಮ್ಮ ಮಗನಿಗೆ ಹೊಂದುತ್ತದೆಯೇ ಎಂದು ನೋಡುವುದು ಇವೆಲ್ಲ ಆಗ ಮಾತಿಗೆ ಬರುತ್ತವೆ. ರಾತ್ರಿ ಫಿಟ್ಸ್ ಬರುವ ಮಗುವಿನ ಹತ್ತಿರ ಒಬ್ಬರು ಮಲಗುವುದು ಸರಿಯಾದ ಎಚ್ಚರಿಕೆಯೇ, ಆದರೆ ಆ ಒಬ್ಬರು ಪ್ರತಿ ರಾತ್ರಿ ನೀವೇ ಆಗಬೇಕಿಲ್ಲ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದರೆ ರಾತ್ರಿಯನ್ನು ಎರಡು ಪಾಳಿ ಮಾಡಿ, ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗಲಿ. ಒಂದೇ ಕೋಣೆಯಲ್ಲಿದ್ದರೆ ಇಬ್ಬರೂ ಎದ್ದಿರುತ್ತೀರಿ. ಸಮಯ ಸಾಲದೆಂಬ ನಿಮ್ಮ ಮಾತು ನಿಜ. ಅದಕ್ಕೆ ಭೇಟಿಗೆ ಮುಂಚಿನ ಎರಡು ವಾರ ಒಂದು ಪುಸ್ತಕದಲ್ಲಿ ಮಗ ಮಲಗಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಎದ್ದ ಸಲಗಳು, ಫಿಟ್ಸ್ ಬಂದಿದ್ದರೆ ಅದರ ಗಂಟೆ, ಔಷಧಿ ಕೊಟ್ಟ ವೇಳೆ ಇಷ್ಟನ್ನು ಬರೆದು, ಅದೇ ಪುಟದ ಪಕ್ಕದಲ್ಲಿ ನೀವೆಷ್ಟು ಗಂಟೆ ಮಲಗಿದಿರಿ ಎಂಬುದನ್ನೂ ಬರೆಯಿರಿ. ಒಳಗೆ ಹೋದ ಕೂಡಲೇ ಆ ಪುಟಗಳನ್ನು ವೈದ್ಯರ ಮುಂದಿಡಿ.